ಪಳೆಯುಳಿಕೆ ಜೇನುನೊಣಗಳ ರೆಕ್ಕೆಯ ಆಕಾರ ವಿಶ್ಲೇಷಣೆ

ಪಳೆಯುಳಿಕೆ ಜೇನುನೊಣಗಳ ರೆಕ್ಕೆಯ ಆಕಾರ ವಿಶ್ಲೇಷಣೆ ಎಂಬುದು ಶಿಲೆಗಳಲ್ಲಿ ಅಚ್ಚೊತ್ತಿ ಉಳಿದಿರುವ ಪ್ರಾಚೀನ ಜೇನುನೊಣಗಳ ವರ್ಗೀಕರಣಕ್ಕೆ ಬಳಸುವ ಒಂದು ವಿಧಾನ. ಇದರಲ್ಲಿ ರೆಕ್ಕೆಯ ನಾಳಗಳು ಪರಸ್ಪರ ಕೂಡುವ ಸ್ಥಾನಗಳನ್ನು ಗುರುತಿಸಿ, ಅವುಗಳ ಒಟ್ಟು ವಿನ್ಯಾಸವನ್ನು ಇಂದು ಬದುಕಿರುವ ಜೇನುನೊಣಗಳ ರೆಕ್ಕೆಗಳೊಡನೆ ಗಣಿತದ ಮೂಲಕ ಹೋಲಿಸಲಾಗುತ್ತದೆ. ಇದು ಜ್ಯಾಮಿತೀಯ ಆಕೃತಿಮಾಪನ ಎಂಬ ಶಾಖೆಯ ಅನ್ವಯಗಳಲ್ಲಿ ಒಂದು. 21ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಬೆಲ್ಜಿಯಂನ ಮೋನ್ಸ್ ವಿಶ್ವವಿದ್ಯಾಲಯದ ಡೆನಿ ಮಿಶೆ, ಥಿಬೊ ಡಿ ಮ್ಯೂಲೆಮೇಸ್ಟರ್, ಮಾನ್ಯುಯೆಲ್ ಡಿಹೊನ್ ಮೊದಲಾದವರು, ಅಮೆರಿಕದ ಮೈಕೆಲ್ ಎಂಗೆಲ್ ಮತ್ತು ಫ್ರಾನ್ಸಿನ ಆಂದ್ರೆ ನೆಲ್ ಅವರೊಡಗೂಡಿ, ಈ ವಿಧಾನವನ್ನು ಪಳೆಯುಳಿಕೆಗಳಿಗೆ ವ್ಯಾಪಕವಾಗಿ ಅನ್ವಯಿಸಿದರು.

ಈ ಲೇಖನದಲ್ಲಿ 'ಜೇನುನೊಣ' ಎಂಬ ಪದವನ್ನು ವಿಶಾಲವಾದ ಅರ್ಥದಲ್ಲಿ ಬಳಸಿದೆ. ಕನ್ನಡಿಗರಿಗೆ ಪರಿಚಿತವಾದ ಹೆಜ್ಜೇನು, ತುಡುವೆ, ಕೋಲುಜೇನುಗಳು ಏಪಿಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಅವಲ್ಲದೆ ಚುಚ್ಚದ ಮುಜಂಟಿ, ಮರ ಕೊರೆಯುವ ದೊಡ್ಡ ಕಪ್ಪು ದುಂಬಿ, ಎಲೆಯನ್ನು ದುಂಡಗೆ ಕತ್ತರಿಸಿ ಗೂಡು ಕಟ್ಟುವ ಒಂಟಿ ನೊಣ, ಮಣ್ಣಿನಲ್ಲಿ ಬಿಲ ತೋಡುವ ನೊಣಗಳು ಎಲ್ಲವೂ ಈ ಸಮೂಹಕ್ಕೆ ಸೇರುತ್ತವೆ. ಏಳು ಕುಟುಂಬಗಳಲ್ಲಿ ಒಟ್ಟು 20,000ಕ್ಕೂ ಹೆಚ್ಚು ಜೀವಂತ ಪ್ರಭೇದಗಳು ವಿವರಿಸಲ್ಪಟ್ಟಿವೆ. ಇದಕ್ಕೆ ಹೋಲಿಸಿದರೆ ಹೆಸರು ಪಡೆದ ಪಳೆಯುಳಿಕೆ ಪ್ರಭೇದಗಳು ಅತ್ಯಲ್ಪ. ಅವು ಸುಮಾರು ಇನ್ನೂರು ಮಾತ್ರ. ಆದ್ದರಿಂದ ಒಂದೇ ಒಂದು ಪಳೆಯುಳಿಕೆಯ ಸ್ಥಾನ ತಪ್ಪಿದರೂ ಇಡೀ ಸಮೂಹದ ಇತಿಹಾಸ ಏರುಪೇರಾಗುವ ಸಂಭವವಿದೆ.

ರೆಕ್ಕೆಯ ಮಹತ್ವ

ಜೀವಂತ ಜೇನುನೊಣಗಳನ್ನು ಗುರುತಿಸಲು ತಜ್ಞರು ನೋಡುವುದು ನಾಲಗೆಯ ಭಾಗಗಳನ್ನು, ಹಿಂಗಾಲಿನಲ್ಲಿ ಪರಾಗ ಹೊರುವ ರಚನೆಯನ್ನು, ಗಂಡಿನ ಜನನಾಂಗವನ್ನು ಮತ್ತು ಮೈಮೇಲಿನ ರೋಮಗಳನ್ನು. ಸರೋವರದ ತಳದ ಕೆಸರಿನಲ್ಲಿ ಹೂತು, ಪದರಪದರವಾಗಿ ಒತ್ತಲ್ಪಟ್ಟು ಕಲ್ಲಾದ ಕೀಟದಲ್ಲಿ ಇವುಗಳಲ್ಲಿ ಹೆಚ್ಚಿನವು ಅಳಿಸಿಹೋಗಿರುತ್ತವೆ. ಮೈಯೆಲ್ಲ ಒಂದು ಕಂದು ಬಣ್ಣದ ಕಲೆಯಂತೆ ಕಾಣುತ್ತದೆ. ಆದರೆ ರೆಕ್ಕೆ ಹುಟ್ಟಿನಿಂದಲೇ ಚಪ್ಪಟೆ. ಒತ್ತಡಕ್ಕೆ ಸಿಕ್ಕಿ ಹಾಳಾಗಲು ಅದರಲ್ಲಿ ದಪ್ಪವಿಲ್ಲ. ಅದರ ನಾಳಗಳು ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆದವು. ನುಣುಪಾದ ಕಣಗಳ ಶಿಲೆಯಲ್ಲಿ ಕೋಟ್ಯಂತರ ವರ್ಷಗಳ ತರುವಾಯವೂ ಈ ನಾಳಗಳನ್ನು ಪುಸ್ತಕದ ಹಾಳೆಗಳ ನಡುವೆ ಒಣಗಿದ ಅರಳಿ ಎಲೆಯ ಜಾಲದಂತೆ ಸ್ಪಷ್ಟವಾಗಿ ಕಾಣಬಹುದು.

ರೆಕ್ಕೆಗೆ ಇನ್ನೊಂದು ಅನುಕೂಲವಿದೆ. ಕೀಟವು ಕೋಶಾವಸ್ಥೆಯಿಂದ ಪ್ರೌಢವಾಗಿ ಹೊರಬಂದ ಮೇಲೆ ಅದರ ರೆಕ್ಕೆ ಬೆಳೆಯುವುದಿಲ್ಲ, ನಾಳಗಳ ವಿನ್ಯಾಸವೂ ಬದಲಾಗುವುದಿಲ್ಲ. ಹೀಗಾಗಿ ಎಳೆಯದು, ಮುದಿಯದು ಎಂಬ ಗೊಂದಲಕ್ಕೆ ಅವಕಾಶವಿಲ್ಲ. ಈ ವಿನ್ಯಾಸವು ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬರುವಂಥದು.

ಜೇನುನೊಣಕ್ಕೆ ನಾಲ್ಕು ರೆಕ್ಕೆಗಳು. ಹಿಂದಿನ ರೆಕ್ಕೆಯ ಅಂಚಿನಲ್ಲಿರುವ ಚಿಕ್ಕ ಕೊಕ್ಕೆಗಳು ಮುಂದಿನ ರೆಕ್ಕೆಗೆ ಸಿಕ್ಕಿಕೊಂಡು, ಹಾರುವಾಗ ಎರಡೂ ಒಂದಾಗಿ ಬಡಿಯುತ್ತವೆ. ವರ್ಗೀಕರಣಕ್ಕೆ ಹೆಚ್ಚು ನೆರವಾಗುವುದು ಮುಂದಿನ ರೆಕ್ಕೆ. ಅದರ ಮೇಲಂಚಿನಲ್ಲಿ ಗಾಢ ಬಣ್ಣದ ಒಂದು ಮಚ್ಚೆಯೂ ಅದರ ಆಚೆಗೆ ಅಂಚುಕೋಣೆ ಎನ್ನಬಹುದಾದ ಉದ್ದನೆಯ ಅಂಕಣವೂ ಇರುತ್ತವೆ. ಅಂಚುಕೋಣೆಯ ಕೆಳಗೆ ಎರಡು ಅಥವಾ ಮೂರು ಉಪಕೋಣೆಗಳು ಸಾಲಾಗಿರುತ್ತವೆ. ಏಪಿಸ್ ಕುಲದಲ್ಲಿ ಅಂಚುಕೋಣೆ ಬೆರಳಿನಂತೆ ಬಹಳ ಉದ್ದ. ಮೂರನೆಯ ಉಪಕೋಣೆ ಎದ್ದು ಕಾಣುವಷ್ಟು ಓರೆ. ಎಲೆ ಕತ್ತರಿಸುವ ನೊಣಗಳ ಕುಟುಂಬವಾದ ಮೆಗಾಕಿಲಿಡೆಯಲ್ಲಿ ಉಪಕೋಣೆಗಳು ಎರಡೇ. ಮುಜಂಟಿಯಂಥ ಸಣ್ಣ ನೊಣಗಳಲ್ಲಿ ಹಲವು ನಾಳಗಳು ಸವೆದು ಹೋಗಿ ರೆಕ್ಕೆ ಬಹುಪಾಲು ಬರಿದಾಗಿರುತ್ತದೆ. ತುಡುವೆಯ ರೆಕ್ಕೆಯನ್ನು ಮಸೂರದಡಿ ಇಟ್ಟು ನೋಡಿದರೆ ಈ ಕೋಣೆಗಳು ಶಾಲಾ ಮಕ್ಕಳಿಗೂ ಸುಲಭವಾಗಿ ಕಾಣುತ್ತವೆ.

ಹಳೆಯ ವರ್ಗೀಕರಣದ ತೊಡಕುಗಳು

ಪಳೆಯುಳಿಕೆ ಜೇನುನೊಣಗಳ ಅಧ್ಯಯನದಲ್ಲಿ ಥಿಯೊಡೋರ್ ಕಾಕರೆಲ್ (1866–1948) ಅವರದು ದೊಡ್ಡ ಹೆಸರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ನೆಲೆಸಿದ ಈ ವಿದ್ವಾಂಸರು ಸಾವಿರಾರು ಜೀವಿಗಳಿಗೆ ಹೆಸರಿಟ್ಟರು. ಕೊಲರಾಡೊದ ಫ್ಲಾರಿಸಾಂಟ್ ಎಂಬಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದ ಸರೋವರದ ತಳದಲ್ಲಿ ರೂಪುಗೊಂಡ, ಸುಮಾರು 3.4 ಕೋಟಿ ವರ್ಷ ಹಳೆಯ ಶಿಲಾಪದರಗಳಿಂದ ಅವರು ಅನೇಕ ಜೇನುನೊಣಗಳನ್ನು ವಿವರಿಸಿದರು. ಅವರ ವಿವರಣೆಗಳು ಸಾಮಾನ್ಯವಾಗಿ ಸಂಕ್ಷಿಪ್ತ. ಯಾವ ನಾಳ ಉದ್ದ, ಯಾವ ಕೋಣೆ ಕಿರಿದು ಎಂಬ ಮಾತುಗಳನ್ನು ಅವರ ತೀಕ್ಷ್ಣ ಕಣ್ಣಿನ ಭರವಸೆಯ ಮೇಲೆ ನಂಬಬೇಕಾಗುತ್ತದೆ. ಇನ್ನೊಬ್ಬ ತಜ್ಞನಿಗೆ ಅದೇ ಕೋಣೆ ಕಿರಿದೆನಿಸದಿದ್ದರೆ ತೀರ್ಮಾನಕ್ಕೆ ಮಧ್ಯಸ್ಥನಿಲ್ಲ.

ಈ ತೊಡಕಿಗೆ ಒಳ್ಳೆಯ ಉದಾಹರಣೆ ಪ್ರೋಬಾಂಬಸ್ ಹಿರ್ಸೂಟಸ್. ಮಧ್ಯ ಫ್ರಾನ್ಸಿನ ಮೆನಾ ಎಂಬ ಊರಿನ ಬಳಿ ಪೇಲಿಯೊಸೀನ್ ಯುಗದ, ಸುಮಾರು 6 ಕೋಟಿ ವರ್ಷ ಹಳೆಯ ಸರೋವರ ಶಿಲೆಗಳಿವೆ. ಅಲ್ಲಿಂದ ದೊರೆತ ಈ ಕೀಟವನ್ನು ಲೂಯಿ ಪಿಟೊನ್ ಅವರು 1940ರಲ್ಲಿ ವಿವರಿಸಿದರು. ಹೆಸರಿನ ಅರ್ಥ 'ರೋಮಭರಿತವಾದ ಆದಿ ಬಂಬಲ್‌ಬೀ' ಎಂದು. ಬಂಬಲ್‌ಬೀಗಳು ಬಾಂಬಸ್ ಕುಲಕ್ಕೆ ಸೇರಿದ, ತಂಪು ಪ್ರದೇಶಗಳಲ್ಲಿ ವಾಸಿಸುವ ದಪ್ಪ ರೋಮದ ನೊಣಗಳು; ಭಾರತದಲ್ಲಿ ಮುಖ್ಯವಾಗಿ ಹಿಮಾಲಯದಲ್ಲಿ ಕಾಣಸಿಗುತ್ತವೆ. ನಮ್ಮ ಕಡೆಯ ಕಪ್ಪು ದುಂಬಿಯನ್ನು ಅವುಗಳೆಂದು ಭಾವಿಸಬಾರದು. ಆರು ದಶಕಗಳ ತರುವಾಯ, 2003ರಲ್ಲಿ, ಆಂದ್ರೆ ನೆಲ್ ಮತ್ತು ಅವರ ಸಹೋದ್ಯೋಗಿ ಈ ಪಳೆಯುಳಿಕೆಯನ್ನು ಮರುಪರಿಶೀಲಿಸಿ ಅದು ಬಂಬಲ್‌ಬೀ ಅಲ್ಲ, ಎಲೆ ಕತ್ತರಿಸುವ ನೊಣಗಳ ಕುಟುಂಬಕ್ಕೆ ಸೇರಿದ್ದು ಎಂದು ತೋರಿಸಿದರು. ನಾಮಕರಣದ ನಿಯಮಗಳ ಪ್ರಕಾರ ಹಳೆಯ ಹೆಸರು ಹಾಗೆಯೇ ಉಳಿದಿದೆ. ಹೀಗೆ ಬಂಬಲ್‌ಬೀ ಅಲ್ಲದ ಒಂದು ನೊಣ ಇಂದಿಗೂ ಆ ಹೆಸರನ್ನು ಹೊತ್ತುಕೊಂಡಿದೆ.

ಇದು ಕೇವಲ ಹೆಸರಿನ ಪ್ರಶ್ನೆಯಲ್ಲ. ಡಿಎನ್‌ಎ ಹೋಲಿಕೆಯಿಂದ ಜೀವಿಗಳ ವಂಶವೃಕ್ಷವನ್ನು ರಚಿಸುವವರು ಅದರ ಕೊಂಬೆಗಳು ಯಾವ ಕಾಲದಲ್ಲಿ ಕವಲೊಡೆದವೆಂದು ತಿಳಿಯಲು ಪಳೆಯುಳಿಕೆಗಳನ್ನೇ ಆಧರಿಸಬೇಕು. ಒಂದು ಕೊಂಬೆಯಲ್ಲಿ 6 ಕೋಟಿ ವರ್ಷದ ಪಳೆಯುಳಿಕೆ ಇದ್ದರೆ ಆ ಕೊಂಬೆಯ ವಯಸ್ಸು ಅದಕ್ಕಿಂತ ಕಡಿಮೆಯಿರಲು ಸಾಧ್ಯವಿಲ್ಲ. ಈಗಿನ ಬಂಬಲ್‌ಬೀಗಳ ಮೂಲವನ್ನು 2008ರ ಒಂದು ಅಧ್ಯಯನ ಸುಮಾರು 3.4 ಕೋಟಿ ವರ್ಷಗಳ ಹಿಂದಕ್ಕೆ ಒಯ್ಯುತ್ತದೆ. ಪ್ರೋಬಾಂಬಸ್ ಅನ್ನು ಅದರ ಹೆಸರು ಹೇಳುವಂತೆ ಈ ಕೊಂಬೆಯಲ್ಲಿಯೇ ಇರಿಸಿದ್ದರೆ ಆ ವಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ಜೇನುನೊಣಗಳೂ ಹೂಬಿಡುವ ಸಸ್ಯಗಳೂ ಜೊತೆಜೊತೆಯಾಗಿ ವಿಕಾಸಗೊಂಡ ಕಥೆಯೂ ಇಂಥ ಲೆಕ್ಕಗಳ ಮೇಲೆಯೇ ನಿಂತಿದೆ. 2013ರಲ್ಲಿ ಸೋಫಿ ಕಾರ್ಡಿನಲ್ ಮತ್ತು ಬ್ರಯಾನ್ ಡ್ಯಾನ್‌ಫೋರ್ತ್ ಅವರು ಜೇನುನೊಣಗಳ ಉಗಮವನ್ನು ಸುಮಾರು 12 ಕೋಟಿ ವರ್ಷಗಳ ಹಿಂದೆ ಎಂದು ಅಂದಾಜಿಸಿದಾಗಲೂ ಕೊಂಬೆಗಳಿಗೆ ಕಾಲದ ಗುರುತು ಹಾಕಲು ಪಳೆಯುಳಿಕೆಗಳೇ ಬೇಕಾದವು.

ಉದ್ದಗಲಗಳಿಂದ ಆಕಾರಕ್ಕೆ

ರೆಕ್ಕೆಯನ್ನು ಅಳೆಯುವುದು ಹೊಸ ವಿಚಾರವೇನಲ್ಲ. ಯುರೋಪಿನ ಜೇನುಕೃಷಿಕರು ಏಪಿಸ್‌ನ ತಳಿಗಳನ್ನು ಬೇರ್ಪಡಿಸಲು ಮೂರನೆಯ ಉಪಕೋಣೆಯ ಕೆಳಗಿನ ನಾಳದ ಎರಡು ತುಂಡುಗಳ ಉದ್ದದ ಅನುಪಾತವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಕ್ಯೂಬಿಟಲ್ ಸೂಚ್ಯಂಕ ಎಂದು ಕರೆಯುವ ಈ ಸಂಖ್ಯೆ ಪಶ್ಚಿಮ ಯುರೋಪಿನ ಕಪ್ಪು ಜೇನಿನಲ್ಲಿ ಕಡಿಮೆ, ಆಗ್ನೇಯ ಯುರೋಪಿನ ಕಾರ್ನಿಯೋಲಾ ಜೇನಿನಲ್ಲಿ ಹೆಚ್ಚು. ಆಸ್ಟ್ರಿಯಾದ ಫ್ರೀಡ್ರಿಖ್ ರುಟ್ನರ್ ಅವರು ಇಂಥ ಅನೇಕ ಅಳತೆಗಳನ್ನು ಕ್ರೋಡೀಕರಿಸಿ 1988ರಲ್ಲಿ ಜಗತ್ತಿನ ಜೇನುತಳಿಗಳ ಬಗೆಗೆ ಪ್ರಮಾಣಗ್ರಂಥವೊಂದನ್ನು ಪ್ರಕಟಿಸಿದರು.

ಆದರೆ ಉದ್ದಗಲಗಳ ಪಟ್ಟಿಯಿಂದ ಆಕಾರವನ್ನು ಪೂರ್ತಿಯಾಗಿ ಹಿಡಿಯಲಾಗದು. ಒಂದೇ ಉದ್ದ, ಒಂದೇ ಅಗಲದ ಎರಡು ಎಲೆಗಳಲ್ಲಿ ಒಂದು ಅಂಡಾಕಾರವಾಗಿಯೂ ಇನ್ನೊಂದು ತುದಿ ಚೂಪಾದ ಹೃದಯಾಕಾರವಾಗಿಯೂ ಇರಬಹುದು. ಅಳತೆಯ ಪಟ್ಟಿಯಲ್ಲಿ ಇವೆರಡೂ ಒಂದೇ. ಈ ಕೊರತೆಯನ್ನು ನೀಗಲು 1980 ಮತ್ತು 1990ರ ದಶಕಗಳಲ್ಲಿ ಫ್ರೆಡ್ ಬುಕ್‌ಸ್ಟೈನ್, ಜೇಮ್ಸ್ ರೋಲ್ಫ್ ಮೊದಲಾದವರು ಜ್ಯಾಮಿತೀಯ ಆಕೃತಿಮಾಪನವನ್ನು ರೂಪಿಸಿದರು. ಇದರ ಬೀಜವನ್ನು ಡಾರ್ಸಿ ತಾಂಪ್ಸನ್ ಅವರ 1917ರ ಗ್ರಂಥದಲ್ಲಿ ಕಾಣಬಹುದು. ಒಂದು ಮೀನಿನ ಚಿತ್ರದ ಮೇಲೆ ಚೌಕಳಿ ಗೆರೆಗಳನ್ನೆಳೆದು, ಆ ಚೌಕಳಿಯನ್ನು ರಬ್ಬರಿನಂತೆ ಬಾಗಿಸಿ ಎಳೆದರೆ ಇನ್ನೊಂದು ಮೀನಿನ ರೂಪ ದೊರೆಯುತ್ತದೆಂದು ಅವರು ಅದರಲ್ಲಿ ತೋರಿಸಿದ್ದರು.

ಹೊಸ ವಿಧಾನದಲ್ಲಿ ಉದ್ದದ ಬದಲು ಬಿಂದುಗಳನ್ನು ದಾಖಲಿಸುತ್ತಾರೆ. ರೆಕ್ಕೆಯ ಛಾಯಾಚಿತ್ರವನ್ನು ಗಣಕದ ಪರದೆಯ ಮೇಲೆ ತೆರೆದು, ಎರಡು ನಾಳಗಳು ಕೂಡುವ ಪ್ರತಿಯೊಂದು ಸಂಧಿಯಲ್ಲಿಯೂ ಒಂದು ಗುರುತು ಬಿಂದುವನ್ನು ಇಡಲಾಗುತ್ತದೆ. ಏಪಿಸ್‌ನ ಮುಂದಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ ಇಂಥ 19 ಬಿಂದುಗಳನ್ನು ತೆಗೆದುಕೊಳ್ಳುತ್ತಾರೆ. ನಮ್ಮ ಮನೆಗಳ ಮುಂದಿನ ಚುಕ್ಕಿ ರಂಗೋಲಿಯನ್ನು ಇಲ್ಲಿ ನೆನೆಯಬಹುದು. ಎಷ್ಟನೆಯ ಚುಕ್ಕಿ ಯಾವುದಕ್ಕೆ ಸೇರಬೇಕೆಂಬುದು ಮೊದಲೇ ನಿಶ್ಚಿತ; ಚುಕ್ಕಿಗಳು ಸ್ವಲ್ಪ ಸರಿದರೆ ಇಡೀ ಚಿತ್ರದ ರೂಪ ಬದಲಾಗುತ್ತದೆ. ಎಲ್ಲ ರೆಕ್ಕೆಗಳಲ್ಲಿಯೂ ಒಂದನೆಯ ಬಿಂದು ಅದೇ ಸಂಧಿಯಲ್ಲಿ, ಎರಡನೆಯದು ಅದರದೇ ಸಂಧಿಯಲ್ಲಿ ಇರಲೇಬೇಕೆಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ.

ಈ ಬಿಂದುಗಳನ್ನು ಹಾಗೆಯೇ ಹೋಲಿಸುವಂತಿಲ್ಲ. ಒಂದು ಚಿತ್ರದಲ್ಲಿ ರೆಕ್ಕೆ ಎಡಕ್ಕೆ ವಾಲಿರಬಹುದು, ಇನ್ನೊಂದರಲ್ಲಿ ದೊಡ್ಡದಾಗಿ ಕಾಣಬಹುದು. ಆದ್ದರಿಂದ ಎಲ್ಲ ರೆಕ್ಕೆಗಳ ಬಿಂದುಸಮೂಹಗಳ ಮಧ್ಯಕೇಂದ್ರವನ್ನು ಒಂದೇ ಕಡೆಗೆ ತಂದು, ಗಾತ್ರವನ್ನು ಸಮಗೊಳಿಸಿ, ಅನುರೂಪ ಬಿಂದುಗಳು ಪರಸ್ಪರ ಆದಷ್ಟು ಹತ್ತಿರವಾಗುವಂತೆ ತಿರುಗಿಸಲಾಗುತ್ತದೆ. ಸ್ಥಾನ, ಗಾತ್ರ, ದಿಕ್ಕು ಈ ಮೂರನ್ನೂ ಕಳೆದ ಮೇಲೆ ಉಳಿಯುವುದೇ ಆಕಾರ. ಈ ಕ್ರಿಯೆಗೆ ಪ್ರೊಕ್ರಸ್ಟೀಸ್ ಹೊಂದಿಕೆ ಎಂದು ಹೆಸರು. ಗ್ರೀಕ್ ಪುರಾಣದ ಪ್ರೊಕ್ರಸ್ಟೀಸ್ ದಾರಿಹೋಕರನ್ನು ಕರೆದು ತನ್ನ ಮಂಚದ ಮೇಲೆ ಮಲಗಿಸಿ, ಕುಳ್ಳಗಿದ್ದವರನ್ನು ಎಳೆದು, ಉದ್ದವಿದ್ದವರ ಕಾಲು ಕತ್ತರಿಸಿ ಮಂಚದ ಅಳತೆಗೆ ಹೊಂದಿಸುತ್ತಿದ್ದ ದುಷ್ಟ. ಹೆಸರು ಸೊಗಸಾಗಿದ್ದರೂ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ರೆಕ್ಕೆಯನ್ನು ಒಟ್ಟಾಗಿ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದೇ ಹೊರತು ಒಂದು ಭಾಗವನ್ನು ಮಾತ್ರ ಎಳೆಯುವ ಸ್ವಾತಂತ್ರ್ಯವಿಲ್ಲ. 19 ಬಿಂದುಗಳಿಗೆ 38 ನಿರ್ದೇಶಾಂಕಗಳು. ಸ್ಥಾನಕ್ಕೆ ಎರಡು, ಗಾತ್ರಕ್ಕೆ ಒಂದು, ದಿಕ್ಕಿಗೆ ಒಂದು ಕಳೆದರೆ ಆಕಾರವನ್ನು ವರ್ಣಿಸಲು 34 ಸ್ವತಂತ್ರ ಅಳತೆಗಳು ಉಳಿಯುತ್ತವೆ.

ಅಂತರದ ಲೆಕ್ಕಾಚಾರ

ಮುಂದಿನ ಹಂತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರದ ಕೊಡುಗೆ ಗಮನಾರ್ಹ. ಹೆಸರು ಗೊತ್ತಿರುವ ನೂರಾರು ಜೀವಂತ ನೊಣಗಳ ರೆಕ್ಕೆಗಳನ್ನು ಕುಟುಂಬ, ಪಂಗಡ ಅಥವಾ ಕುಲದ ಪ್ರಕಾರ ಗುಂಪು ಮಾಡಿ, ಗುಂಪುಗಳನ್ನು ಅತ್ಯಂತ ಸ್ಪಷ್ಟವಾಗಿ ಬೇರ್ಪಡಿಸುವ ಅಕ್ಷಗಳನ್ನು ಕಂಡುಹಿಡಿಯುವುದಕ್ಕೆ ವಿಭೇದಕ ವಿಶ್ಲೇಷಣೆ ಎನ್ನುತ್ತಾರೆ. 1936ರಲ್ಲಿ ರೊನಾಲ್ಡ್ ಫಿಷರ್ ಇದನ್ನು ಐರಿಸ್ ಹೂಗಳ ಅಳತೆಗಳ ಮೂಲಕ ಪರಿಚಯಿಸಿದರು. ಅದೇ ವರ್ಷ ಕಲ್ಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಗುಂಪುಗಳ ನಡುವಣ ಅಂತರವನ್ನು ಅಳೆಯುವ ಸೂತ್ರವನ್ನು ಪ್ರಕಟಿಸಿದರು. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ಅಧ್ಯಯನ ಮಾಡುವಾಗ ಮೊಳೆತ ಈ ಕಲ್ಪನೆಯ ಸಾರ ಇಷ್ಟು: ಒಂದು ಗುಂಪಿನೊಳಗೇ ಯಾವ ದಿಕ್ಕಿನಲ್ಲಿ ವ್ಯತ್ಯಾಸ ಸಹಜವಾಗಿ ಹೆಚ್ಚಿದೆಯೋ ಆ ದಿಕ್ಕಿನಲ್ಲಿ ದೂರವಿರುವುದು ದೊಡ್ಡ ಸಂಗತಿಯಲ್ಲ, ಎಲ್ಲರೂ ಒಂದೇ ತೆರನಾಗಿರುವ ದಿಕ್ಕಿನಲ್ಲಿ ಸ್ವಲ್ಪ ದೂರವಿದ್ದರೂ ಅದು ಮಹತ್ವದ್ದು.

ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ಈ ವಿಚಾರವನ್ನು ವಿಸ್ತರಿಸಿದವರಲ್ಲಿ ಪ್ರಮುಖರು ಸಿ. ಆರ್. ರಾವ್ (1920–2023). ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ ತೆಲುಗು ಕುಟುಂಬವೊಂದರಲ್ಲಿ ಜನಿಸಿದ ಅವರು ಕೇಂಬ್ರಿಡ್ಜ್‌ನಲ್ಲಿ ಸುಡಾನಿನ ಜೆಬೆಲ್ ಮೋಯಾದಿಂದ ತಂದ ಪ್ರಾಚೀನ ಅಸ್ಥಿಗಳ ಅಳತೆಗಳ ಮೇಲೆ ಕೆಲಸ ಮಾಡಿದರು. ಅನೇಕ ಅಳತೆಗಳನ್ನು ಒಟ್ಟಿಗೆ ಬಳಸಿ ಜೀವಿಗಳನ್ನು ವರ್ಗೀಕರಿಸುವ ಕುರಿತ ಅವರ ಪ್ರಬಂಧ 1948ರಲ್ಲಿ ಪ್ರಕಟವಾಯಿತು. ಮನುಷ್ಯರ ಮೂಳೆಗಳಿಗಾಗಿ ಬೆಳೆದ ಗಣಿತ ನೊಣದ ರೆಕ್ಕೆಗೂ ಒದಗಿಬಂದಿದೆ.

ವಿಶ್ಲೇಷಣೆಯ ವಿಶ್ವಾಸಾರ್ಹತೆಯನ್ನು ಮೊದಲು ಜೀವಂತ ನೊಣಗಳ ಮೇಲೆಯೇ ಪರೀಕ್ಷಿಸುತ್ತಾರೆ. ಒಂದು ರೆಕ್ಕೆಯನ್ನು ಪಟ್ಟಿಯಿಂದ ಹೊರಗಿಟ್ಟು, ಉಳಿದವುಗಳಿಂದ ಲೆಕ್ಕ ಮಾಡಿ, ಹೊರಗಿಟ್ಟದ್ದು ತನ್ನ ಸರಿಯಾದ ಗುಂಪಿಗೆ ಬಂದು ಸೇರುತ್ತದೆಯೇ ಎಂದು ನೋಡಲಾಗುತ್ತದೆ. ಎಲ್ಲ ರೆಕ್ಕೆಗಳಿಗೂ ಇದನ್ನು ಮಾಡಿ ಫಲಿತಾಂಶ ತೃಪ್ತಿಕರವಾಗಿದ್ದರೆ ಮಾತ್ರ ಪಳೆಯುಳಿಕೆಯ ಬಿಂದುಗಳನ್ನು ಆ ಲೆಕ್ಕಕ್ಕೆ ಕೊಡುತ್ತಾರೆ.

ಪ್ರಮುಖ ಅಧ್ಯಯನಗಳು

ಮೆನಾ ಶಿಲೆಗಳಿಂದಲೇ ದೊರೆತ ಪೇಲಿಯೊಹ್ಯಾಬ್ರೊಪೊಡ ಊಡಾರ್ಡಿ ಎಂಬ ನೊಣವನ್ನು 2009ರಲ್ಲಿ ವಿವರಿಸಲಾಯಿತು. ಇದು ಆಂಥೊಫೊರಿನಿ ಪಂಗಡಕ್ಕೆ ಸೇರಿದೆ. 2017ರಲ್ಲಿ ಅಲ್ಲಿನದೇ ಇನ್ನೊಂದು ಪಳೆಯುಳಿಕೆ ಹೆಚ್ಚಿನ ಕುತೂಹಲ ಹುಟ್ಟಿಸಿತು. ಪೇಲಿಯೊಎಪಿಯೋಲಸ್ ಮಿಚೆನೆರಿ ಎಂದು ಹೆಸರಿಸಲಾದ ಅದರ ರೆಕ್ಕೆಯ ಆಕಾರ ನೊಮಾಡಿನೆ ಎಂಬ ಉಪಕುಟುಂಬದ ಕಡೆಗೆ ಬೊಟ್ಟು ಮಾಡಿತು. ಈ ಉಪಕುಟುಂಬದ ನೊಣಗಳು ಕೋಗಿಲೆಯಂತೆ ತಮ್ಮ ಮೊಟ್ಟೆಗಳನ್ನು ಬೇರೆ ನೊಣಗಳ ಗೂಡಿನಲ್ಲಿ ಇಡುತ್ತವೆ. ಮರಿಹುಳು ಅಲ್ಲಿನ ಆಹಾರವನ್ನು ಕಬಳಿಸುತ್ತದೆ. ಪರರ ಗೂಡನ್ನು ಆಶ್ರಯಿಸುವ ಈ ವೃತ್ತಿ 6 ಕೋಟಿ ವರ್ಷಗಳಷ್ಟು ಹಿಂದೆಯೇ ಇತ್ತೆಂಬ ತೀರ್ಮಾನಕ್ಕೆ ಆಧಾರ ಒಂದು ರೆಕ್ಕೆಯ ನಾಳಜಾಲ. ಪ್ರಭೇದದ ಹೆಸರು ಜೇನುನೊಣಗಳ ಮಹಾನ್ ತಜ್ಞ ಚಾರ್ಲ್ಸ್ ಮಿಚೆನರ್ (1918–2015) ಅವರ ಗೌರವಾರ್ಥ ಇಟ್ಟದ್ದು.

2014ರಲ್ಲಿ ಡಿಹೊನ್ ಮತ್ತು ಸಂಗಡಿಗರು ಮೂರು ನೆಲೆಗಳ ನಾಲ್ಕು ಹೊಸ ಪಳೆಯುಳಿಕೆಗಳನ್ನು ಒಂದೇ ಪ್ರಬಂಧದಲ್ಲಿ ವಿವರಿಸಿದರು. ಸ್ಪೇನಿನ ಸೆರ್ದಾನ್ಯಾದ ಮಯೊಸೀನ್ ಶಿಲೆಯಿಂದ ಬಾಂಬಸ್ ಸೆರ್ದಾನ್ಯೆನ್ಸಿಸ್, ಫ್ರಾನ್ಸಿನ ಸೆರೆಸ್ತ್‌ನ ಆಲಿಗೊಸೀನ್ ಶಿಲೆಯಿಂದ ಪ್ರೋಟೊಹ್ಯಾಬ್ರೊಪೊಡ ಪೌಲಿ ಮತ್ತು ಆಂಡ್ರಿನಾ ಕುಲದ ಒಂದು ಪ್ರಭೇದ, ಅಮೆರಿಕದ ಗ್ರೀನ್ ರಿವರ್ ಇಯೊಸೀನ್ ಶಿಲೆಯಿಂದ ಯುಗ್ಲಾಸಾಪ್ಟೆರಿಕ್ಸ್ ಬೀಸ್ಮೈಯರಿ. ಕೊನೆಯದರ ಸ್ಥಾನವನ್ನು ಲೇಖಕರು ಅನುಮಾನದೊಡನೆಯೇ ಸೂಚಿಸಿದ್ದಾರೆ. ಆರ್ಕಿಡ್ ಜೇನುಗಳಿಗೆ ಅದು ಹತ್ತಿರವಿರಬಹುದು ಎಂಬುದಷ್ಟೇ ಅವರ ಮಾತು.

ವಿಧಾನದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವುದು 2019ರ ಬಂಬಲ್‌ಬೀ ಅಧ್ಯಯನ. ಬದುಕಿರುವ ಸುಮಾರು 260 ಬಂಬಲ್‌ಬೀ ಪ್ರಭೇದಗಳನ್ನು 15 ಉಪಕುಲಗಳಲ್ಲಿ ಇರಿಸಲಾಗಿದೆ. ಇವುಗಳ ಹಿನ್ನೆಲೆಯಲ್ಲಿ 13 ಪಳೆಯುಳಿಕೆ ಮಾದರಿಗಳ ರೆಕ್ಕೆಗಳನ್ನು ಇಟ್ಟು ನೋಡಿದಾಗ ಇಯೊಸೀನ್ ಮತ್ತು ಆಲಿಗೊಸೀನ್ ಕಾಲದ ಯಾವ ಮಾದರಿಯೂ ಈಗಿನ ಯಾವುದೇ ಉಪಕುಲದ ಆಕಾರದ ವ್ಯಾಪ್ತಿಯೊಳಗೆ ಬರಲಿಲ್ಲ. ಕಾಕರೆಲ್ 1906ರಲ್ಲಿ ಫ್ಲಾರಿಸಾಂಟಿನಿಂದ ವಿವರಿಸಿದ್ದ ಕ್ಯಾಲಿಪ್ಟಾಪಿಸ್ ಈಗಿನ ಬಂಬಲ್‌ಬೀಗಳು ಕವಲೊಡೆಯುವುದಕ್ಕೆ ಮುಂಚಿನ ಬೇರೊಂದು ಕೊಂಬೆಗೆ ಸೇರಿದ್ದಿರಬಹುದೆಂದು ತೋರಿತು. ಮಯೊಸೀನ್ ಕಾಲದ ಹಲವು ಮಾದರಿಗಳು ಮಾತ್ರ ಈಗಿನ ಉಪಕುಲಗಳೊಳಗೆ ಬಂದು ಸೇರಿದವು. ಜರ್ಮನಿಯ ರಾಂಡೆಕ್ ಮಾರ್ ಎಂಬ ಪ್ರಾಚೀನ ಜ್ವಾಲಾಮುಖಿ ಸರೋವರದ ಬಾಂಬಸ್ ರಾಂಡೆಕೆನ್ಸಿಸ್ ಕಲುಮಾನೊಬಾಂಬಸ್ ಉಪಕುಲಕ್ಕೂ, ಸ್ಪೇನಿನ ಸೆರ್ದಾನ್ಯೆನ್ಸಿಸ್ ಮೆಲನೊಬಾಂಬಸ್ ಉಪಕುಲಕ್ಕೂ ಹೊಂದಿದವು. ಕಾಲದಲ್ಲಿ ಹತ್ತಿರ ಬಂದಂತೆ ಆಕಾರವೂ ಇಂದಿನದಕ್ಕೆ ಹತ್ತಿರವಾಗುತ್ತದೆಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಮಿತಿಗಳು

ವಿಭೇದಕ ವಿಶ್ಲೇಷಣೆಗೆ 'ಇದು ಯಾವುದು?' ಎಂದು ಕೇಳಿದರೆ ಅದು ಉತ್ತರಿಸುವುದು 'ನೀವು ಕೊಟ್ಟ ಗುಂಪುಗಳಲ್ಲಿ ಇದಕ್ಕೆ ಹತ್ತಿರದ್ದು ಯಾವುದು?' ಎಂಬ ಬೇರೆಯೇ ಪ್ರಶ್ನೆಗೆ. ಪಳೆಯುಳಿಕೆಯ ನಿಜವಾದ ಗುಂಪು ನಿರ್ವಂಶವಾಗಿ, ಹೋಲಿಕೆಯ ಪಟ್ಟಿಯಲ್ಲಿ ಇಲ್ಲದೇ ಹೋಗಿದ್ದರೂ ಲೆಕ್ಕವು ಯಾವುದೋ ಒಂದು ಗುಂಪಿನ ಹೆಸರನ್ನು ಹೇಳಿಯೇ ತೀರುತ್ತದೆ, ಅದೂ ಹಲವೊಮ್ಮೆ ಶೇಕಡಾ 99ರ ಸಂಭವನೀಯತೆಯೊಡನೆ. ಆದಕಾರಣ ಸಂಭವನೀಯತೆಯ ಸಂಖ್ಯೆಯೊಂದನ್ನೇ ನಂಬದೆ, ಪಳೆಯುಳಿಕೆ ಆ ಗುಂಪಿನ ಸಹಜ ಹರವಿನ ಒಳಗಿದೆಯೇ ಹೊರಗಿದೆಯೇ ಎಂದೂ ನೋಡಬೇಕು. ಬಂಬಲ್‌ಬೀ ಅಧ್ಯಯನದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅದರ ಕರ್ತೃಗಳು ಹಳೆಯ ಮಾದರಿಗಳನ್ನು ಹತ್ತಿರದ ಉಪಕುಲಕ್ಕೆ ಬಲವಂತವಾಗಿ ತಳ್ಳದೆ ಹೊರಗೇ ಉಳಿಸಿದರು.

ಶಿಲೆಯೂ ಮೋಸ ಮಾಡಬಲ್ಲದು. ಭೂಮಿಯ ಒತ್ತಡದಿಂದ ಪದರವು ಒಂದೇ ದಿಕ್ಕಿಗೆ ಎಳೆಯಲ್ಪಟ್ಟಿದ್ದರೆ ರೆಕ್ಕೆಯೂ ಹಿಗ್ಗಿರುತ್ತದೆ. ಪ್ರೊಕ್ರಸ್ಟೀಸ್ ಹೊಂದಿಕೆ ಇದನ್ನು ಸರಿಪಡಿಸದು. ರೆಕ್ಕೆಯ ತುದಿ ಮುರಿದಿದ್ದರೆ ಬಿಂದುಗಳು ಕಡಿಮೆಯಾಗಿ, ಜೀವಂತ ನೊಣಗಳ ಲೆಕ್ಕವನ್ನೂ ಉಳಿದ ಬಿಂದುಗಳಿಗೆ ಸೀಮಿತಗೊಳಿಸಿ ಮತ್ತೆ ಮಾಡಬೇಕಾಗುತ್ತದೆ. ಅಂಬರ್ ಎಂಬ ಶಿಲೀಕೃತ ಮರದ ಅಂಟಿನಲ್ಲಿ ಸಿಕ್ಕಿದ ನೊಣದ ಮೈ ಪೂರ್ಣವಾಗಿ ಉಳಿದಿರುತ್ತದೆ, ಆದರೆ ರೆಕ್ಕೆ ಮಡಚಿಯೋ ಓರೆಯಾಗಿಯೋ ಇದ್ದು ಛಾಯಾಚಿತ್ರದಲ್ಲಿ ಆಕಾರ ವಕ್ರವಾಗುತ್ತದೆ. ಇನ್ನು ಸಣ್ಣ ನೊಣಗಳಲ್ಲಿ ನಾಳಗಳು ಸವೆಯುವುದು ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ನಡೆದಿದೆ. ಅಂಥಲ್ಲಿ ಹೋಲಿಕೆಯು ಬಂಧುತ್ವದ ಸಾಕ್ಷಿಯಾಗದು. ಆದ್ದರಿಂದ ರೆಕ್ಕೆಯಾಕಾರದ ಫಲಿತಾಂಶವನ್ನು ಕಾಲು, ರೋಮ, ಉಪಕೋಣೆಗಳ ಸಂಖ್ಯೆ ಮೊದಲಾದ ಉಳಿದ ಲಕ್ಷಣಗಳೊಡನೆ ಸೇರಿಸಿಯೇ ಓದುವುದು ವಾಡಿಕೆ.

ಭಾರತದ ಪಳೆಯುಳಿಕೆಗಳು

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಮತ್ತು ತಡಕೇಶ್ವರ ಲಿಗ್ನೈಟ್ ಗಣಿಗಳಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ದೊರೆಯುತ್ತದೆ. ಇದನ್ನು ಖಂಭಾತ್ ಅಂಬರ್ ಎಂದು ಕರೆಯುವುದುಂಟು. ಇದರಲ್ಲಿನ ಜೇನುನೊಣಗಳನ್ನು ಎಂಗೆಲ್ ಮತ್ತು ಸಂಗಡಿಗರು 2013ರಲ್ಲಿ ವಿವರಿಸಿದರು. ಅವು ಮೆಲಿಕೆರ್ಟಿನಿ ಎಂಬ ಪಂಗಡಕ್ಕೆ ಸೇರಿದವು. ಯುರೋಪಿನ ಬಾಲ್ಟಿಕ್ ಅಂಬರಿನಲ್ಲಿಯೂ ಕಾಣುವ ಈ ಪಂಗಡ ಹೆಜ್ಜೇನು, ಮುಜಂಟಿ, ಬಂಬಲ್‌ಬೀಗಳಿಗೆ ಬಂಧುವಾಗಿದ್ದು, ಇಂದು ಅದರ ಒಂದು ಪ್ರಭೇದವೂ ಬದುಕಿಲ್ಲ. ಜೀವಂತ ನೊಣಗಳ ರೆಕ್ಕೆಗಳನ್ನು ಮಾತ್ರ ಹೋಲಿಕೆಗೆ ಇಟ್ಟುಕೊಂಡಿದ್ದರೆ ಇಂಥ ನೊಣವನ್ನು ಲೆಕ್ಕವು ಇನ್ನಾವುದೋ ಪಂಗಡಕ್ಕೆ ಸೇರಿಸಿಬಿಡುತ್ತಿತ್ತು. 2014ರ ಅಧ್ಯಯನದಲ್ಲಿ ಹೋಲಿಕೆಯ ಪಟ್ಟಿಗೆ ಜೀವಂತ ನೊಣಗಳ ಜೊತೆ ಪಳೆಯುಳಿಕೆ ನೊಣಗಳನ್ನೂ ಸೇರಿಸಿಕೊಳ್ಳಲಾಗಿತ್ತು.